ಸೊಪ್ಪಿನ ಒಗರು: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ



ಇತ್ತೀಚೆಗೆ ಮಹಿಳಾ ಸಂಘಗಳ ಸಭೆಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಬರುತ್ತಿದೆ. "ಡಾಕ್ಟ್ರೇ, ಗಿಡಮೂಲಿಕೆ ಪುಡಿ ಮಾರೋರು ಬಂದಿದ್ರು. ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಹಸುಗೆ ಕೊಟ್ರೆ ಕೆಚ್ಚಲು ಬಾವೇ ಬರಲ್ಲ ಅಂತಾರೆ. ತಗೋಬಹುದಾ?" ಇದಕ್ಕೆ ಹೌದು ಅಥವಾ ಬೇಡ ಎಂದು ಒಂದು ಮಾತು ಹೇಳಿ ಮುಗಿಸಬಹುದು. ಆದರೆ ಮುಂದಿನ ತಿಂಗಳು ಬೇರೆ ಹೆಸರಿನ ಪೊಟ್ಟಣ ಬಂದಾಗ ಮತ್ತೆ ಅದೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಈ ಸಂಚಿಕೆಯ ಪಾಠದಲ್ಲಿ ಆ ಪದದ ಅರ್ಥವನ್ನೇ ತಿಳಿದುಕೊಳ್ಳೋಣ. ತಿಳಿದ ಮೇಲೆ ಯಾವ ಪೊಟ್ಟಣ ಬಂದರೂ ನೀವೇ ತೀರ್ಮಾನ ಮಾಡಬಹುದು.

ಅಡುಗೆಮನೆಯಲ್ಲಿ ದಿನಾ ನೋಡುವುದು

ಬದನೆಕಾಯಿ ಅಥವಾ ಬಾಳೆಕಾಯಿ ಹೆಚ್ಚಿದ ಕೂಡಲೇ ನೀರಿಗೋ ಮಜ್ಜಿಗೆ ನೀರಿಗೋ ಹಾಕುತ್ತೀರಿ. ಹಾಕದಿದ್ದರೆ ಹೋಳು ಕಪ್ಪಾಗುತ್ತದೆ. ಬಾಳೆಯ ಸೊನೆ ಸೀರೆಗೆ ತಾಗಿದರೆ ಕರೆ ಬಿಡುವುದಿಲ್ಲ. ಅಡಿಕೆ ಅಗಿದರೆ, ಎಳೆ ಮಾವಿನ ಮಿಡಿ ಕಚ್ಚಿದರೆ ನಾಲಿಗೆ ಒಗರಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ನೀರು ಕೆಂಪಗಾಗುತ್ತದೆ.

ಇವೆಲ್ಲ ಬೇರೆ ಬೇರೆ ಸಂಗತಿಗಳಂತೆ ಕಂಡರೂ ಇವುಗಳ ಹಿಂದೆ ಇರುವುದು ಒಂದೇ ಕುಲದ ವಸ್ತುಗಳು. ಅವುಗಳನ್ನು ಫೀನಾಲಿಕ್ ವಸ್ತುಗಳು ಎನ್ನುತ್ತಾರೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್, ಅರಿಶಿನದ ಹಳದಿ ಬಣ್ಣದ ಕರ್ಕ್ಯುಮಿನ್, ಲವಂಗ ಮತ್ತು ತುಳಸಿಯ ಘಾಟಿನಲ್ಲಿರುವ ಯೂಜಿನಾಲ್ ಎಲ್ಲವೂ ಈ ಕುಲಕ್ಕೆ ಸೇರಿದವು. ಗಿಡಗಳಲ್ಲಿ ಇಂಥವು ಸಾವಿರಾರು ಇವೆ.

ಫೀನಾಲ್ ಎಂದ ಕೂಡಲೇ ಕೊಟ್ಟಿಗೆಗೆ ಹಾಕುವ ಫಿನಾಯಿಲ್ ನೆನಪಾದರೆ ತಪ್ಪಿಲ್ಲ. ಅದೂ ದೂರದ ನೆಂಟನೇ. ಆದರೆ ಅದು ನೆಲ ತೊಳೆಯಲು ಮಾತ್ರ. ಕೆಚ್ಚಲಿಗೂ ಹಾಲಿನ ಪಾತ್ರೆಗೂ ಅದನ್ನು ತಾಗಿಸಬಾರದು. ಒಂದೇ ಕುಲದವರೆಲ್ಲ ಒಂದೇ ಗುಣದವರಲ್ಲ ಎಂಬುದನ್ನು ಇಲ್ಲಿಂದಲೇ ನೆನಪಿಡಿ.

ಗಿಡ ಇವನ್ನು ನಮಗಾಗಿ ಮಾಡುವುದಿಲ್ಲ. ಅದು ನಿಂತಲ್ಲಿಂದ ಓಡಲಾರದು. ಸುಡುವ ಬಿಸಿಲು, ಹುಳು, ಬೂಷ್ಟು, ಮೇಯುವ ದನ ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಈ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ.

ಕೆಡುವುದು ಹೇಗೆ, ತಡೆಯುವುದು ಹೇಗೆ

ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಳೆಯ ತುಪ್ಪ ಕಮಟು ವಾಸನೆ ಬರುತ್ತದೆ. ಎರಡಕ್ಕೂ ಕಾರಣ ಗಾಳಿಯ ಆಮ್ಲಜನಕ. ಇದಕ್ಕೆ ಉತ್ಕರ್ಷಣೆ ಎಂದು ಹೆಸರು. ತುಪ್ಪದ ಒಂದು ಕಣ ಕೆಟ್ಟರೆ ಅದು ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಒಣಹುಲ್ಲಿನ ಬಣವೆಗೆ ಕಿಡಿ ಬಿದ್ದ ಹಾಗೆ ಸಾಲಾಗಿ ಹಬ್ಬುತ್ತದೆ.

ಫೀನಾಲಿಕ್ ವಸ್ತು ಈ ಸಾಲಿನ ನಡುವೆ ನಿಂತು ತನ್ನಲ್ಲಿರುವ ಜಲಜನಕವನ್ನು ಕೊಟ್ಟು ಕಿಡಿಯನ್ನು ಆರಿಸುತ್ತದೆ. ಹಾಗೆ ಮಾಡುವಾಗ ತಾನು ಮುಗಿದುಹೋಗುತ್ತದೆ. ಉತ್ಕರ್ಷಣೆಯನ್ನು ಹೀಗೆ ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ, ಪೊಟ್ಟಣದ ಮೇಲೆ ಬರೆದಿರುವ ಆಂಟಿಆಕ್ಸಿಡೆಂಟ್.

ಇಲ್ಲಿ ಎರಡು ಮಾತು ಗಮನಿಸಿ. ಒಂದು, ಇದು ಕಾವಲುಗಾರ. ಕಾವಲುಗಾರ ಕಳ್ಳತನವನ್ನು ತಡೆಯಬಲ್ಲ, ಕಳುವಾದ ಒಡವೆಯನ್ನು ತರಲಾರ. ಎರಡು, ಕಾವಲುಗಾರ ಮನೆಯ ಬಾಗಿಲಲ್ಲೇ ಇರಬೇಕು. ಊರ ಹೊರಗೆ ನಿಂತರೆ ಪ್ರಯೋಜನವಿಲ್ಲ.

ಪ್ರಯೋಗಾಲಯ ಹೇಳುವುದು, ಹೇಳದಿರುವುದು

ಗಿಡದ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಚಹಾ ಸೊಪ್ಪಿನಿಂದ ಡಿಕಾಕ್ಷನ್ ತೆಗೆದ ಹಾಗೆಯೇ. ಅದರಲ್ಲಿ ಒಟ್ಟು ಫೀನಾಲ್ ಎಷ್ಟಿದೆ ಎಂದು ನೋಡಲು ಒಂದು ದ್ರಾವಣ ಹಾಕುತ್ತಾರೆ. ನೀಲಿ ಗಾಢವಾದಷ್ಟೂ ಫೀನಾಲ್ ಹೆಚ್ಚು. ನಿರೋಧಕ ಶಕ್ತಿ ನೋಡಲು ಕಡು ನೇರಳೆ ಬಣ್ಣದ ಇನ್ನೊಂದು ದ್ರಾವಣ ಇದೆ. ಸಾರಕ್ಕೆ ಶಕ್ತಿ ಇದ್ದರೆ ನೇರಳೆ ಮಾಸಿ ಹಳದಿಯಾಗುತ್ತದೆ.

ಈ ಪರೀಕ್ಷೆಗಳು ಸುಳ್ಳಲ್ಲ. ನುಗ್ಗೆ ಸೊಪ್ಪು, ಸೀಬೆ ಎಲೆ, ವೀಳ್ಯದೆಲೆ, ನೆಲ್ಲಿಕಾಯಿ ಇವೆಲ್ಲ ಇಂಥ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಆದರೆ ಗಾಜಿನ ನಳಿಕೆಯಲ್ಲಿ ಸಾರ ಮತ್ತು ದ್ರಾವಣ ನೇರವಾಗಿ ಮುಖಾಮುಖಿ ಆಗುತ್ತವೆ. ಹಸುವಿನ ಹೊಟ್ಟೆಗೆ ಹಾಕಿದ್ದು ಕೆಚ್ಚಲಿಗೆ ತಲುಪುತ್ತದೆ ಎಂದು ನಳಿಕೆ ಹೇಳುವುದಿಲ್ಲ. ಆದ್ದರಿಂದ ಯಾವ ಗಿಡದ ವಿಷಯ ಬಂದರೂ ಮೂರು ಪ್ರಶ್ನೆ ಕೇಳಬೇಕು: ಎಲ್ಲಿ? ಎಷ್ಟು? ಯಾವಾಗ? ಈ ಮೂರು ಪ್ರಶ್ನೆಗಳನ್ನು ನಮ್ಮದೇ ಮೂರು ಜಾಗಗಳಲ್ಲಿ ಕೇಳಿ ನೋಡೋಣ.

ಮೊದಲ ಜಾಗ: ತುಪ್ಪದ ಪಾತ್ರೆ

ಬೆಣ್ಣೆ ಕಾಯಿಸಿ ತುಪ್ಪ ಇಳಿಸುವ ಮೊದಲು ಒಂದೆರಡು ವೀಳ್ಯದೆಲೆ, ಕರಿಬೇವು ಅಥವಾ ನುಗ್ಗೆ ಸೊಪ್ಪು ಹಾಕುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಪರಿಮಳಕ್ಕೆ ಎಂದುಕೊಂಡಿದ್ದೇವೆ. ಪರಿಮಳದ ಜೊತೆಗೆ ಅದು ಕಾವಲು ಕೂಡ. ವೀಳ್ಯದೆಲೆಯಲ್ಲಿ ಹೈಡ್ರಾಕ್ಸಿಚಾವಿಕಾಲ್, ಯೂಜಿನಾಲ್ ಮುಂತಾದ ಫೀನಾಲಿಕ್ ವಸ್ತುಗಳಿವೆ. ಬಿಸಿ ತುಪ್ಪದಲ್ಲಿ ಅವು ಕರಗಿ ಉಳಿಯುತ್ತವೆ.

ನಮ್ಮ ದೇಶದ ಸಂಶೋಧಕರು ಕರಿಬೇವು ಮತ್ತು ವೀಳ್ಯದೆಲೆಯನ್ನು ತುಪ್ಪದಲ್ಲಿ ಪರೀಕ್ಷಿಸಿ 1979ರಲ್ಲೇ ವರದಿ ಪ್ರಕಟಿಸಿದ್ದಾರೆ. ತುಪ್ಪ ಕಾಯಿಸುವಾಗ ನೂರಕ್ಕೆ 1 ಪಾಲು ಎಲೆ ಹಾಕಿದರೆ, ಕಾರ್ಖಾನೆಗಳಲ್ಲಿ ಬಳಸುವ ಕೃತಕ ನಿರೋಧಕಗಳ ಬದಲಿಗೆ ಬಳಸುವಷ್ಟು ಫಲ ಸಿಗುತ್ತದೆ ಎಂದು ಅವರು ಕಂಡುಕೊಂಡರು. ನಮ್ಮ ಅಜ್ಜಿಯರ ಕೈ ಅಳತೆಗೆ ತಕ್ಕಡಿಯ ಲೆಕ್ಕ ಸಿಕ್ಕಿತು.

ಈಗ ಮೂರು ಪ್ರಶ್ನೆ ಕೇಳಿ. ಎಲ್ಲಿ? ಎಲೆಯ ಸಾರ ತುಪ್ಪದ ಒಳಗೇ ಇದೆ, ಕಾವಲುಗಾರ ಬಾಗಿಲಲ್ಲೇ ಇದ್ದಾನೆ. ಎಷ್ಟು? ಒಂದು ಕೆ.ಜಿ. ತುಪ್ಪಕ್ಕೆ ಸುಮಾರು 10 ಗ್ರಾಂ, ಅಂದರೆ ಮೂರು ನಾಲ್ಕು ವೀಳ್ಯದೆಲೆ. ಹೆಚ್ಚು ಹಾಕಿದರೆ ಘಾಟು ಬರುತ್ತದೆ. ಯಾವಾಗ? ತುಪ್ಪ ಹೊಸದಾಗಿ ಕಾಯುವಾಗ. ಎಲೆಯ ತೇವ ಒರೆಸಿ ಹಾಕಿ, ಗರಿಗರಿಯಾಗುವವರೆಗೆ ಬಿಟ್ಟು ಸೋಸಿ. ಆಗಲೇ ಕಮಟು ಹಿಡಿದ ತುಪ್ಪಕ್ಕೆ ಎಷ್ಟು ಎಲೆ ಹಾಕಿ ಕುದಿಸಿದರೂ ಅದು ಸರಿಯಾಗುವುದಿಲ್ಲ.

ಎಲೆ ಹಾಕಿದೆವೆಂದು ಉಳಿದ ಎಚ್ಚರಿಕೆ ಬಿಡಬೇಡಿ. ನೊರೆ ಅಡಗಿ ನೀರಿನ ಸದ್ದು ನಿಲ್ಲುವವರೆಗೆ ಕಾಯಿಸಿ. ಒದ್ದೆ ಚಮಚ ಹಾಕಬೇಡಿ. ಬೆಳಕು ಬೀಳದ ಕಡೆ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ, ಅಂಚಿನವರೆಗೆ ತುಂಬಿಡಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ತಾಮ್ರ ತಾಗಿದರೆ ಉತ್ಕರ್ಷಣೆ ಬಲು ಬೇಗ ನಡೆಯುತ್ತದೆ. ಹಾಲಿಗೂ ಇದೇ ಮಾತು. ಕ್ಯಾನನ್ನು ಬಿಸಿಲಿಗೆ ಬಿಟ್ಟರೆ ಹಾಲಿನ ರುಚಿ ಕೆಡುತ್ತದೆ. ಆದರೆ ಸಂಘಕ್ಕೆ ಕೊಡುವ ಹಾಲಿಗೆ ಯಾವ ಎಲೆಯನ್ನೂ, ಪುಡಿಯನ್ನೂ ಹಾಕಬಾರದು. ಅದು ಕಲಬೆರಕೆಯಾಗುತ್ತದೆ.

ಎರಡನೆಯ ಜಾಗ: ಕೆಚ್ಚಲು

ಲೋಳೆಸರ, ಅರಿಶಿನ, ಸುಣ್ಣದ ಲೇಪ ನಿಮ್ಮಲ್ಲಿ ಹಲವರಿಗೆ ಗೊತ್ತು. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧಕರು ಸಾಂಪ್ರದಾಯಿಕ ಮದ್ದುಗಳಿಂದ ಇದನ್ನು ರೂಪಿಸಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇದನ್ನು ಹಾಲು ಒಕ್ಕೂಟಗಳ ಮೂಲಕ ರೈತರಿಗೆ ಪರಿಚಯಿಸಿತು. ಅಳತೆ ಹೀಗಿದೆ:

ಲೋಳೆಸರ 250 ಗ್ರಾಂ, ಸಿಪ್ಪೆ ಸಮೇತ.
ಅರಿಶಿನ ಪುಡಿ 50 ಗ್ರಾಂ.
ಎಲೆಗೆ ಹಚ್ಚುವ ಸುಣ್ಣ 15 ಗ್ರಾಂ.

ಮೂರನ್ನೂ ನುಣ್ಣಗೆ ರುಬ್ಬಿದರೆ ಕೆಂಪು ಬಣ್ಣದ ಮುದ್ದೆಯಾಗುತ್ತದೆ. ಆರತಿ ನೀರಿನ ಕೆಂಪೇ ಇದು. ಸುಣ್ಣದ ಕ್ಷಾರ ತಾಗಿದಾಗ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಕೆಚ್ಚಲಿನ ಹಾಲನ್ನು ಪೂರ್ತಿ ಕರೆದು, ತೊಳೆದು, ಒಂದು ಹಿಡಿ ಮುದ್ದೆಗೆ 150ರಿಂದ 200 ಮಿ.ಲೀ. ನೀರು ಬೆರೆಸಿ ತೆಳುವಾಗಿ ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ 8ರಿಂದ 10 ಬಾರಿ, ಕನಿಷ್ಠ 5 ದಿನ. ಮುದ್ದೆಯನ್ನು ಪ್ರತಿದಿನ ಹೊಸದಾಗಿ ಮಾಡಬೇಕು. ಹಾಲು ಕರೆಯುವ ಮೊದಲು ಲೇಪವನ್ನು ಚೆನ್ನಾಗಿ ತೊಳೆದು ಒರೆಸಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಚ್ಚಿ "ಏನೂ ಆಗಲಿಲ್ಲ" ಎಂದರೆ ಅದು ಮದ್ದಿನ ತಪ್ಪಲ್ಲ.

ಮತ್ತೆ ಮೂರು ಪ್ರಶ್ನೆ. ಎಲ್ಲಿ? ಬಾವು ಬಂದ ಕೆಚ್ಚಲಿನ ಚರ್ಮಕ್ಕೆ ನೇರವಾಗಿ. ಇದೇ ಅರಿಶಿನವನ್ನು ಹಿಂಡಿಗೆ ಕಲಸಿ ತಿನ್ನಿಸಿದರೆ ಇದೇ ಫಲ ಬರುವುದಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕರುಳಿನಿಂದ ರಕ್ತಕ್ಕೆ ಸೇರುವುದೂ ಕಡಿಮೆ. ಎಷ್ಟು? ಮೇಲಿನ ಅಳತೆಯಷ್ಟೇ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ.

ಯಾವಾಗ ಎಂಬ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಹೊರಗೆ ಏನೂ ಕಾಣದೆ ಸಿ.ಎಂ.ಟಿ. ಪರೀಕ್ಷೆಯಲ್ಲಿ ಮಾತ್ರ ಹಾಲು ಲೋಳೆಯಾಗುವ ಗುಪ್ತ ಬಾವಿಗೆ, ಮೊದಲ ದಿನದ ಸಣ್ಣ ಊತಕ್ಕೆ ಇದು ಸರಿ. ಆದರೆ ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಲೇಪದಲ್ಲಿ ಹೊತ್ತು ಕಳೆಯದೆ ಅದೇ ಗಂಟೆಯಲ್ಲಿ ವೈದ್ಯರಿಗೆ ಹೇಳಿ:

- ಕೆಚ್ಚಲು ಕಲ್ಲಿನಂತೆ ಗಟ್ಟಿಯಾಗಿ ಬಿಸಿಯಾಗಿದೆ, ಮುಟ್ಟಿದರೆ ಒದೆಯುತ್ತದೆ.
- ಹಾಲಿನಲ್ಲಿ ರಕ್ತ, ಕೀವು ಇದೆ ಅಥವಾ ಹಾಲು ನೀರಿನಂತಾಗಿದೆ.
- ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ, ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ.
- ಮೊಲೆ ತಣ್ಣಗಾಗಿ ನೀಲಿ ಬಣ್ಣಕ್ಕೆ ತಿರುಗಿದೆ.
- ಕರು ಹಾಕಿದ ಹಸು ಏಳುತ್ತಿಲ್ಲ.

ಕೊನೆಯ ಎರಡರಲ್ಲಿ ಹಸುವಿನ ಪ್ರಾಣಕ್ಕೇ ಅಪಾಯ. ಉಳಿದವುಗಳಲ್ಲಿ ಎರಡು ಮೂರು ದಿನ ಕಾದರೆ ಒಂದು ಮೊಲೆ ಶಾಶ್ವತವಾಗಿ ಬತ್ತಬಹುದು. ನಾಲ್ಕು ಮೊಲೆಯ ಹಸು ಮೂರು ಮೊಲೆಯದಾದರೆ ನಷ್ಟ ಈ ಸೂಲಿಗೆ ಮುಗಿಯುವುದಿಲ್ಲ, ಮುಂದಿನ ಪ್ರತಿ ಸೂಲಿಗೂ ಬರುತ್ತದೆ. ಮಾರಲು ಹೋದರೆ ಬೆಲೆಯೂ ಇಳಿಯುತ್ತದೆ.

ಆ್ಯಂಟಿಬಯೋಟಿಕ್ ಕೊಡಿಸಿದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಗೂ ಬಳಸಬೇಡಿ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಸರಿಯಾಗಿ ಮೊಸರಾಗದಿರುವುದನ್ನು ನೀವೇ ನೋಡಿರಬಹುದು. ಹೆಪ್ಪಿನ ಒಳ್ಳೆಯ ಜೀವಾಣುಗಳನ್ನೂ ಮದ್ದು ಬಿಡುವುದಿಲ್ಲ. ಗುಪ್ತ ಬಾವನ್ನು ಬೇಗ ಪತ್ತೆಹಚ್ಚಿ ಲೇಪದಲ್ಲೇ ವಾಸಿ ಮಾಡಿಕೊಂಡರೆ ಈ ನಷ್ಟ ತಪ್ಪುತ್ತದೆ. ಲೇಪದ ದೊಡ್ಡ ಲಾಭ ಇದೇ.

ಮೂರನೆಯ ಜಾಗ: ಹಸುವಿನ ಹೊಟ್ಟೆ

ಹಸುವಿನ ದೇಹದ ಒಳಗೂ ತುಪ್ಪದಲ್ಲಿ ನಡೆಯುವಂಥ ಉತ್ಕರ್ಷಣೆ ನಡೆಯುತ್ತದೆ. ಅದರಲ್ಲೂ ಕರು ಹಾಕುವ ಮೂರು ವಾರ ಮುಂಚೆ ಮತ್ತು ಹಾಕಿದ ಮೂರು ವಾರದವರೆಗೆ ಇದರ ಹೊರೆ ಹೆಚ್ಚು. ಹೊಟ್ಟೆಯಲ್ಲಿ ಕರು ಬೆಳೆಯುತ್ತಿರುತ್ತದೆ, ಕೆಚ್ಚಲು ತುಂಬುತ್ತಿರುತ್ತದೆ, ತಿನ್ನುವುದು ಮಾತ್ರ ಕಡಿಮೆಯಾಗಿರುತ್ತದೆ. ಆಗ ಕಾವಲು ಸಡಿಲವಾದರೆ ರೋಗ ತಡೆಯುವ ಬಿಳಿ ರಕ್ತಕಣಗಳು ಸೋಲುತ್ತವೆ. ಕಸ ಬೀಳದಿರುವುದು, ಕೆಚ್ಚಲು ಬಾವು ಈ ದಿನಗಳಲ್ಲಿ ಹೆಚ್ಚಾಗಲು ಇದೂ ಒಂದು ಕಾರಣ.

ಹಾಗಾದರೆ ಪುಡಿ ಕೊಡಬೇಕಲ್ಲವೇ ಎಂದು ಕೇಳುವಿರಿ. ತಾಳಿ. ಹಸುವಿಗೆ ಅಗತ್ಯವಾಗಿ ಬೇಕಾದ ಒಂದು ನಿರೋಧಕ ವಿಟಮಿನ್ ಇ. ಅದೂ ಫೀನಾಲ್ ಕುಲದ್ದೇ. ಅದು ಧಾರಾಳವಾಗಿ ಇರುವುದು ಹಸಿರು ಮೇವಿನಲ್ಲಿ. ಬಿಸಿಲಲ್ಲಿ ಒಣಗಿಸಿದರೆ ಬಹುಪಾಲು ಹೋಗುತ್ತದೆ. ಭತ್ತದ ಹುಲ್ಲು, ರಾಗಿ ಹುಲ್ಲಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಸಿರಿನಲ್ಲಿ ಕ್ಯಾರೋಟಿನ್ ಎಂಬ ಇನ್ನೊಂದು ಕಾವಲೂ ಇದೆ. ನಿಮ್ಮ ಹಸುವಿನ ತುಪ್ಪಕ್ಕೆ ಹಳದಿ ಬಣ್ಣ ಕೊಡುವುದು ಅದೇ. ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದ ಹಸುವಿನ ತುಪ್ಪ ಬಿಳಿಚಿಕೊಂಡರೆ ಮೇವಿನಲ್ಲಿ ಹಸಿರು ಸಾಲದು ಎಂದು ತಿಳಿಯಿರಿ. ಎಮ್ಮೆಯ ತುಪ್ಪ ಯಾವಾಗಲೂ ಬಿಳಿಯೇ, ಅದಕ್ಕೆ ಈ ಲೆಕ್ಕ ಬೇಡ.

ದೇಹ ತಾನೇ ತಯಾರಿಸಿಕೊಳ್ಳುವ ಕಾವಲುಗಾರರೂ ಇದ್ದಾರೆ. ಅವರಿಗೆ ಸೆಲೆನಿಯಂ, ಸತು, ತಾಮ್ರ, ಮ್ಯಾಂಗನೀಸ್ ಬೇಕು. ಇವು ಖನಿಜ ಮಿಶ್ರಣದಿಂದ ಬರುತ್ತವೆ. ಸೆಲೆನಿಯಂ ಬೇಕಾಗುವುದು ಅತ್ಯಲ್ಪ, ಹೆಚ್ಚಾದರೆ ವಿಷ. ಆದ್ದರಿಂದ ಒಕ್ಕೂಟ ಹೇಳಿದ ಅಳತೆಗಿಂತ ಹೆಚ್ಚು ಹಾಕಬೇಡಿ, ಎರಡು ಕಂಪನಿಯ ಮಿಶ್ರಣ ಸೇರಿಸಬೇಡಿ.

ಇನ್ನು ಒಗರು ಸೊಪ್ಪುಗಳ ಮಾತು. ಮೇವಿನ ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಮೇವಿನ ಒಣ ಅಂಶದಲ್ಲಿ ನೂರಕ್ಕೆ 2ರಿಂದ 4 ಪಾಲು ಇದ್ದರೆ ಒಳ್ಳೆಯದೇ. ಮೊದಲ ಹೊಟ್ಟೆಯಲ್ಲಿ ಪ್ರೋಟೀನ್ ಪೂರ್ತಿ ಕರಗಿಹೋಗದೆ ಮುಂದಕ್ಕೆ ಸಾಗಿ ಹಾಲಿಗೆ ಒದಗುತ್ತದೆ. ನೂರಕ್ಕೆ 5 ದಾಟಿದರೆ ಹಸು ತಿನ್ನುವುದು ಕಡಿಮೆ ಮಾಡುತ್ತದೆ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪ್ರೋಟೀನು ಸಗಣಿಯಲ್ಲಿ ಹೋಗುತ್ತದೆ. ಜಾಲಿ ಕಾಯಿ, ಹುಣಸೆ ಬೀಜದ ಸಿಪ್ಪೆ, ಬಲಿತ ಮರದ ಸೊಪ್ಪು ಇವನ್ನು ಮಿತಿ ಮೀರಿ ಹಾಕಬಾರದು ಎನ್ನುವುದು ಇದಕ್ಕೇ.

ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಸ್ತು ಇದೆ. ಅದೂ ಫೀನಾಲಿಕ್ ವಸ್ತುವೇ, ಆದರೆ ವಿಷ. ದೊಡ್ಡ ಹಸುವಿನ ಮೊದಲ ಹೊಟ್ಟೆಯ ಜೀವಾಣುಗಳು ಅದನ್ನು ಒಂದು ಮಿತಿಯವರೆಗೆ ಸಹಿಸಿಕೊಳ್ಳುತ್ತವೆ. ಎಳೆ ಕರುವಿಗೆ ಆ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ. ಎಳೆ ಕರುಗಳಿಗೆ ಹತ್ತಿಕಾಳು ಹಿಂಡಿ ಬೇಡ. ಗಿಡದಿಂದ ಬಂದದ್ದೆಲ್ಲ ಒಳ್ಳೆಯದೇ ಎಂಬ ಮಾತಿಗೆ ಇದು ಉತ್ತರ.

ಪುಡಿ ಮಾರುವವರು ಬಂದಾಗ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪೊಟ್ಟಣ ಕೈಯಲ್ಲಿ ಹಿಡಿದು ಇಷ್ಟು ಕೇಳಿ:

1. ಎಲ್ಲಿ? ತಿನ್ನಿಸುವ ಪುಡಿ ಕೆಚ್ಚಲನ್ನು ಹೇಗೆ ಕಾಯುತ್ತದೆ? ಹಸುಗಳಲ್ಲಿ ಪರೀಕ್ಷೆ ಮಾಡಿದ್ದಾರೆಯೇ, ಬರೀ ಗಾಜಿನ ನಳಿಕೆಯಲ್ಲೇ?
2. ಎಷ್ಟು? ಯಾವ ಗಿಡ, ಎಷ್ಟು ಗ್ರಾಂ ಎಂದು ಮುದ್ರಿಸಿದ್ದಾರೆಯೇ? ತಯಾರಿಸಿದ ದಿನ, ಅವಧಿ, ತಯಾರಕರ ವಿಳಾಸ ಇದೆಯೇ?
3. ಯಾವಾಗ? ಗಬ್ಬದ ಹಸುವಿಗೆ ಕೊಡಬಹುದೇ? "ಇದು ಕೊಟ್ಟರೆ ಡಾಕ್ಟರ್ ಬೇಡ" ಎಂದರೆ ಆ ಪೊಟ್ಟಣವನ್ನು ಅಲ್ಲೇ ವಾಪಸು ಕೊಡಿ.

ಆಮೇಲೆ ಬೆಲೆಯನ್ನು ದಿನಗಳಿಂದ ಭಾಗಿಸಿ. ದಿನಕ್ಕೆ ಎಷ್ಟು ರೂಪಾಯಿ ಬಿತ್ತು? ಅದೇ ದುಡ್ಡಿಗೆ ಎಷ್ಟು ಮೇವಿನ ಬೀಜ, ಎಷ್ಟು ನೇಪಿಯರ್ ಕಡ್ಡಿ ಬರುತ್ತಿತ್ತು? ಗಬ್ಬದ ಕೊನೆಯ ತಿಂಗಳುಗಳಲ್ಲಿ ದಿನಕ್ಕೆ 15ರಿಂದ 20 ಕೆ.ಜಿ. ಹಸಿರು ಮೇವು, ಅದರಲ್ಲಿ ಸ್ವಲ್ಪ ಅಲಸಂದೆ ಅಥವಾ ಕುದುರೆ ಮಸಾಲೆ, ಜೊತೆಗೆ ಖನಿಜ ಮಿಶ್ರಣ. ಇದು ಸಿಗುವ ಹಸುವಿಗೆ ಪುಡಿಯಿಂದ ಹೆಚ್ಚಿನದೇನೂ ಆಗಬೇಕಾಗಿಲ್ಲ. ಇದು ಸಿಗದ ಹಸುವಿಗೆ ಪುಡಿ ಆ ಕೊರತೆ ತುಂಬುವುದಿಲ್ಲ. ಹಸಿರು ಸಿಗದ ಬೇಸಿಗೆಗೆ ರಸಮೇವು ಮಾಡಿಟ್ಟುಕೊಳ್ಳಿ. ಹಸಿರಿನಷ್ಟಲ್ಲದಿದ್ದರೂ ಒಣಹುಲ್ಲಿಗಿಂತ ವಾಸಿ. ತೀರಾ ಕೊರತೆ ಇದ್ದರೆ ವಿಟಮಿನ್ ಇ ಮತ್ತು ಸೆಲೆನಿಯಂ ಕೊಡಿಸುವ ಬಗ್ಗೆ ನಿಮ್ಮ ಪಶುವೈದ್ಯರನ್ನು ಕೇಳಿ.

ಮುಂದಿನ ಸಭೆಗೆ ಮಾಡಿ ತನ್ನಿ

ಹೊಸ ತುಪ್ಪ ಕಾಯಿಸುವಾಗ ಎರಡು ಪಾಲು ಮಾಡಿ. ಒಂದಕ್ಕೆ ವೀಳ್ಯದೆಲೆ ಹಾಕಿ, ಇನ್ನೊಂದಕ್ಕೆ ಬೇಡ. ಒಂದೇ ತರಹದ ಎರಡು ಸಣ್ಣ ಗಾಜಿನ ಶೀಶೆಗಳಲ್ಲಿ 50 ಗ್ರಾಂನಷ್ಟು ತುಂಬಿ, ಚೀಟಿ ಅಂಟಿಸಿ, ಅಡುಗೆಮನೆಯ ಕಿಟಕಿ ಬಳಿ ಇಡಿ. ವಾರಕ್ಕೊಮ್ಮೆ ಇಬ್ಬರು ಮೂವರು ಮೂಸಿ ನೋಡಿ, ಯಾವುದು ಮೊದಲು ಕಮಟು ಹಿಡಿಯಿತು ಎಂದು ತಾರೀಖು ಬರೆದಿಡಿ. ಪ್ರಯೋಗಾಲಯದವರು ಮಾಡುವುದೂ ಇದನ್ನೇ, ಸಲಕರಣೆ ಮಾತ್ರ ಬೇರೆ.

ಚರ್ಚೆಗೆ ಮೂರು ಪ್ರಶ್ನೆಗಳು:

1. ನಿಮ್ಮ ಕೊಟ್ಟಿಗೆಯಲ್ಲಿ ಗಬ್ಬದ ಹಸುವಿಗೆ ಈಗ ದಿನಕ್ಕೆ ಎಷ್ಟು ಕೆ.ಜಿ. ಹಸಿರು ಬೀಳುತ್ತಿದೆ? ಅಂದಾಜು ಬೇಡ, ಒಂದು ದಿನ ತೂಗಿ ನೋಡಿ.
2. ಕಳೆದ ಬಾರಿ ಸಿ.ಎಂ.ಟಿ. ಪರೀಕ್ಷೆ ಮಾಡಿಸಿದ್ದು ಯಾವಾಗ? ಸಂಘದಲ್ಲಿ ತಿಂಗಳಿಗೊಂದು ದಿನ ಗೊತ್ತು ಮಾಡಬಹುದೇ?
3. ಮೇಲಿನ ಐದು ಅಪಾಯದ ಲಕ್ಷಣಗಳು ಮನೆಯವರೆಲ್ಲರಿಗೂ ಗೊತ್ತಿವೆಯೇ? ನೀವು ಊರಲ್ಲಿಲ್ಲದ ದಿನ ಹಸು ನೋಡುವವರಿಗೆ ತಿಳಿದಿದೆಯೇ?

ಲೋಳೆಸರದ ಒಂದು ಗಿಡವನ್ನು ಕೊಟ್ಟಿಗೆಯ ಪಕ್ಕ ನೆಡಿ. ಬದುವಿನಲ್ಲಿ ನಾಲ್ಕು ಸಾಲು ನೇಪಿಯರ್ ಹಾಕಿ. ವೈದ್ಯರ ಫೋನ್ ನಂಬರನ್ನು ಕೊಟ್ಟಿಗೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಈ ಮೂರೂ ಇರುವ ಮನೆಗೆ ಪುಡಿಯ ಪೊಟ್ಟಣ ಹೊತ್ತವರು ಬಂದರೆ ನೀರು ಕೊಟ್ಟು ಕಳಿಸಿದರೆ ಸಾಕು.